ಬಿಗಿಯಾದ ಶಾರ್ಟ್ ಥ್ರೋ ಶಿಫ್ಟರನ್ನು ನಾನು ಪಳಗಿಸಿದ ಬಗೆ

ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿನ ಗೇರ್ ಲಿವರ್ ಕಂಪನಿಯಿಂದ ಬಂದಾಗಲೇ ಕಡಿಮೆ ದೂರ ಚಲಿಸುವಂಥದ್ದು. ಅದಕ್ಕೂ ಶಾರ್ಟ್ ಥ್ರೋ ಶಿಫ್ಟರ್, ಅಂದರೆ ಹಿಡಿಯ ಓಡಾಟವನ್ನು ಇನ್ನಷ್ಟು ಮೊಟಕು ಮಾಡುವ ಲಿವರ್, ಹಾಕಿಕೊಳ್ಳುವುದು ಅಗತ್ಯಕ್ಕಿಂತ ಹೆಚ್ಚಾಗಿ ಆಸೆಯ ಮಾತು. ನಾನು ಹಾಕಿಕೊಂಡದ್ದೂ ಆಸೆಗಾಗಿಯೇ. ಕೂರಿಸಿದ ಮೇಲೆ ಲಿವರ್ ಎಷ್ಟು ಬಿಗಿಯಾಗಿತ್ತೆಂದರೆ, ಎರಡನೇ ಗೇರಿಗೆ ಎಳೆಯುವಾಗ ಭುಜವೂ ಕೆಲಸಕ್ಕೆ ಬರುತ್ತಿತ್ತು. ಓಡಿಸುತ್ತ ಹೋದರೆ ತಾನಾಗಿ ಸಡಿಲವಾಗುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ. ಅದು ಅರ್ಧ ಮಾತ್ರ ನಿಜ. ಬಿಗುವಿನ ಒಂದು ಪಾಲು ಎಂದಿಗೂ ಹೋಗುವುದಿಲ್ಲ, ಒಂದು ಪಾಲು ಸವೆದು ಹೋಗುತ್ತದೆ, ಇನ್ನೊಂದು ಪಾಲು ಶಿಫ್ಟರಿಗೆ ಸೇರಿದ್ದೇ ಅಲ್ಲದಿರಬಹುದು. ಇವನ್ನು ಬೇರ್ಪಡಿಸದೆ ಪಳಗಿಸಲು ಹೊರಟರೆ ಕೈಯ ಬಲವೆಲ್ಲ ಗೇರ್‌ಬಾಕ್ಸಿನ ಒಳಭಾಗಗಳ ಮೇಲೆ ಬೀಳುತ್ತದೆ.

ಎಂದಿಗೂ ಹೋಗದ ಪಾಲು ಸನ್ನೆಗೋಲಿನ ಲೆಕ್ಕದಿಂದ ಬರುವಂಥದ್ದು. ಈ ಕಾರಿನಲ್ಲಿ ಕೇಬಲ್‌ಗಳಿಲ್ಲ; ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆ ಒಂದು ಗುಂಡಿನ ಆಧಾರದಲ್ಲಿ ನಿಂತು, ಅದರ ಕೆಳತುದಿ ಒಳಗಿನ ಸರಳನ್ನು ಹಿಂದೆ ಮುಂದೆ ಸರಿಸುತ್ತದೆ. ಶಾರ್ಟ್ ಥ್ರೋ ಮಾಡುವವರು ಗುಂಡಿನಿಂದ ಕೆಳಗಿನ ಭಾಗವನ್ನು ಉದ್ದ ಮಾಡುತ್ತಾರೆ, ಇಲ್ಲವೇ ಮೇಲಿನ ಭಾಗವನ್ನು ಗಿಡ್ಡ ಮಾಡುತ್ತಾರೆ. ಒಳಗಿನ ಸರಳು 10 ಮಿಲಿಮೀಟರ್ ಸರಿಯಬೇಕೆಂದು ಇಟ್ಟುಕೊಳ್ಳೋಣ. ಲಿವರಿನ ಮೇಲಿನ ಮತ್ತು ಕೆಳಗಿನ ಭಾಗಗಳ ಅನುಪಾತ 6ಕ್ಕೆ 1 ಇದ್ದರೆ ಹಿಡಿ 60 ಮಿಲಿಮೀಟರ್ ಚಲಿಸಬೇಕು. 4ಕ್ಕೆ 1 ಆದರೆ 40 ಸಾಕು. ದೂರ ಮೂರನೇ ಒಂದು ಭಾಗ ಕಡಿಮೆಯಾಯಿತು, ಆದರೆ ಬೇಕಾಗುವ ಬಲ ಒಂದೂವರೆ ಪಟ್ಟಾಯಿತು. ದೂರ ಇಳಿದ ಪ್ರಮಾಣಕ್ಕಿಂತ ಬಲ ಏರಿದ ಪ್ರಮಾಣವೇ ದೊಡ್ಡದು ಎಂಬುದನ್ನು ಮಾರುವವರು ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ. ಸಾವಿರಾರು ಕಿಲೋಮೀಟರ್ ಓಡಿಸಿದರೂ ಈ ಲೆಕ್ಕ ಬದಲಾಗದು.

ಸವೆದು ಹೋಗುವ ಪಾಲು ಗುಂಡು ಕೂರುವ ನೈಲಾನ್ ಬಟ್ಟಲಿನಲ್ಲಿಯೂ ಲಿವರಿನ ಕೆಳತುದಿಗೆ ತೊಡಿಸಿದ ಬುಶ್ ಎಂಬ ಬಳೆಯಲ್ಲಿಯೂ ಇರುತ್ತದೆ. ಹೊಸ ನೈಲಾನ್ ಮೇಲ್ಮೈ ಗುಂಡಿನ ಆಕಾರಕ್ಕೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಕೆಲವೇ ಜಾಗಗಳಲ್ಲಿ ಒತ್ತಿ ಹಿಡಿದಿರುತ್ತದೆ. ಇದನ್ನು ಪತ್ತೆ ಹಚ್ಚಲು ನಾನು ನಂಬಿದ ಪರೀಕ್ಷೆ ಬಹಳ ಸರಳವಾದುದು. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಲಿವರನ್ನು ಐದನೇ ಗೇರಿನ ಬದಿಗೆ ಒತ್ತಿ ಕೈ ಬಿಡಬೇಕು. ಒಳಗಿನ ಸ್ಪ್ರಿಂಗ್ ಅದನ್ನು ಮೂರು ಮತ್ತು ನಾಲ್ಕನೇ ಗೇರುಗಳ ಸಾಲಿಗೆ ತಂದು ನಿಲ್ಲಿಸಬೇಕು. ನನ್ನದು ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತಿತ್ತು. ಈ ಅಡ್ಡ ಚಲನೆಗೆ, ಗೇರು ಬೀಳುವ ಮೊದಲು ಒಳಗಿನ ಭಾಗಗಳ ವೇಗವನ್ನು ಸಮ ಮಾಡುವ ಸಿಂಕ್ರೊನೈಸರ್‌ಗಳ (ಸಿಂಕ್ರೊಗಳ) ಸಂಬಂಧವೇ ಇಲ್ಲದಿರುವುದರಿಂದ, ತಡೆ ಆಧಾರದಲ್ಲಿಯೇ ಇದೆ ಎಂಬುದು ಖಚಿತವಾಯಿತು.

ಅಲ್ಲಿಗೇ ನಿಲ್ಲದೆ ಬೇರೆ ಅನುಮಾನಗಳನ್ನೂ ತೆಗೆದುಹಾಕಬೇಕಿತ್ತು. ಎಂಜಿನ್ ಆರಿದಾಗ ಸಲೀಸಾಗಿ ಬೀಳುವ ಗೇರು ಎಂಜಿನ್ ಓಡುವಾಗ ಮಾತ್ರ ಹಟ ಮಾಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಕ್ಲಚ್ ಒತ್ತಿ ಕೆಲವು ಕ್ಷಣ ಕಾದು ರಿವರ್ಸ್ ಹಾಕಿದಾಗಲೂ ಕರಕರ ಸದ್ದು ಬಂದರೆ ಆ ಅನುಮಾನ ಗಟ್ಟಿಯಾಗುತ್ತದೆ. ಬೆಳಗಿನ ಚಳಿಯಲ್ಲಿ ಎರಡನೇ ಗೇರು ಮಾತ್ರ ಬಿಗಿಯಾಗಿದ್ದು, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಸರಿಹೋದರೆ, ಅದು ತಣ್ಣಗಿನ ದಪ್ಪ ಆಯಿಲ್ ಮತ್ತು ಸಿಂಕ್ರೊ ರಿಂಗುಗಳ ವಿಚಾರ. ಹಳೆಯ ಎಂಎಕ್ಸ್-5ಗಳಲ್ಲಿ ಇದು ಸಾಮಾನ್ಯ. ನನ್ನ ಕಾರಿನಲ್ಲಿ ಕ್ಲಚ್ ಸರಿಯಿತ್ತು. ಎರಡನೇ ಗೇರಿನ ಮುಂಜಾನೆಯ ಮೊಂಡುತನ ಹಳೆಯ ಲಿವರಿನ ಕಾಲದಲ್ಲಿಯೂ ಇದ್ದದ್ದೇ.

ಆದ್ದರಿಂದ ಲಿವರನ್ನು ಮತ್ತೆ ಹೊರತೆಗೆದೆ. ಹೊಸ ಭಾಗವನ್ನು ಓಡಿಸಿಯೇ ಸಡಿಲಗೊಳಿಸಬೇಕೆಂಬ ಪಟ್ಟು ಹಿಡಿಯುವವರು ಈ ಹಂತವನ್ನು ಬಿಡುತ್ತಾರೆ, ಆದರೆ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ. ಗುಂಡನ್ನು ನೈಲಾನ್ ಬಟ್ಟಲಿನಲ್ಲಿಟ್ಟು ಕೈಯಲ್ಲಿಯೇ ತಿರುಗಿಸಿ ನೋಡಿದಾಗ ಒಂದು ಬದಿಯಲ್ಲಿ ಹಿಡಿಯುತ್ತಿರುವುದು ತಿಳಿಯಿತು; ಬಟ್ಟಲಿನ ಅಂಚಿನಲ್ಲಿ ಅಚ್ಚಿನಿಂದ ಉಳಿದ ಸಣ್ಣ ಏಣೊಂದು ಉಬ್ಬಿಕೊಂಡಿತ್ತು. ಅದನ್ನು ಚೂಪಾದ ಬ್ಲೇಡಿನಿಂದ ತೆಗೆದೆ. ಬಟ್ಟಲಿನ ಒಳಮೈಯನ್ನು ಉಜ್ಜುಕಾಗದದಿಂದ ತಿಕ್ಕುವ ಆಸೆಯಾಗುತ್ತದೆ; ತಿಕ್ಕಬಾರದು. ಇಂದು ಬಿಗಿ ಎನಿಸಿದ ಜಾಗವೇ ನಾಳೆ ಗಡಗಡ ಅಲುಗಾಡುವ ಜಾಗವಾಗುತ್ತದೆ. ಹಾಗೆಯೇ, ಅಲೆಯಾಕಾರದ ಸ್ಪ್ರಿಂಗ್ ವಾಷರನ್ನು ತೆಗೆದುಹಾಕಿದರೆ ಲಿವರ್ ಆ ಕ್ಷಣವೇ ಹಗುರವಾಗುತ್ತದೆ ನಿಜ, ಆದರೆ ಆ ವಾಷರ್ ಇರುವುದೇ ಗುಂಡು ಕುಣಿಯದಂತೆ ಒತ್ತಿಹಿಡಿಯುವುದಕ್ಕೆ. ನೈಲಾನಿಗೂ ರಬ್ಬರಿಗೂ ಹಾನಿ ಮಾಡದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಕೂರಿಸಿದೆ.

ಲಿವರ್ ಕೂರುವ ಗೂಡಿಗೆ ಈ ಕಾರಿನಲ್ಲಿ ತನ್ನದೇ ಆಯಿಲ್ ಇರುತ್ತದೆ, ಸುಮಾರು ನೂರು ಮಿಲಿಲೀಟರಿಗಿಂತ ತುಸು ಕಡಿಮೆ. ಕೆಳಗಿನ ಗೇರ್‌ಬಾಕ್ಸಿನ ಎರಡು ಲೀಟರ್ ಆಯಿಲ್ ಬದಲಿಸಿದರೂ ಇದು ಬದಲಾಗುವುದಿಲ್ಲ, ಆದ್ದರಿಂದ ಎಷ್ಟೋ ಕಾರುಗಳಲ್ಲಿ ಇದು ವರ್ಷಾನುಗಟ್ಟಲೆ ಹಾಗೆಯೇ ಉಳಿದು ಕಪ್ಪಾಗಿರುತ್ತದೆ ಅಥವಾ ಒಣಗಿಯೇ ಹೋಗಿರುತ್ತದೆ. ಹಳೆಯದನ್ನು ಸಿರಿಂಜಿನಿಂದ ಹೀರಿ ತೆಗೆದು 75ಡಬ್ಲ್ಯೂ-90, ಜಿಎಲ್-4 ದರ್ಜೆಯ ಆಯಿಲ್ ಹಾಕಿದೆ. ಲಿವರಿನ ಬುಡವನ್ನು ಮುಚ್ಚುವ ಚಿಕ್ಕ ರಬ್ಬರ್ ಬೂಟು ಹರಿದಿದ್ದರೆ ಬದಲಿಸಲು ಇದೇ ಸಮಯ; ಹರಿದ ಬೂಟಿನಿಂದ ಬಿಸಿಯೂ ಸದ್ದೂ ಕ್ಯಾಬಿನ್ನಿನೊಳಗೆ ಏರುತ್ತವೆ. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿದು, ನಡುನಡುವೆ ಲಿವರ್ ಆಡಿಸಿ ನೋಡಿದೆ. ಲಿವರನ್ನು ಹಿಡಿದಿಡುವ ತಟ್ಟೆ ಓರೆಯಾಗಿ ಕೂತರೆ ಗುಂಡು ಒಂದೇ ಬದಿಗೆ ಅದುಮಿಕೊಳ್ಳುತ್ತದೆ, ಅಂಥ ಬಿಗಿಯನ್ನು ಯಾವ ಪಳಗಿಸುವಿಕೆಯೂ ಸರಿಪಡಿಸದು.

ಇದಾದ ಮೇಲೆ ಉಳಿದದ್ದು ನಿಜವಾದ ಪಳಗಿಸುವಿಕೆ. ನಿಂತ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಯೇ ಲಿವರನ್ನು ಎಡಬಲಕ್ಕೆ, ಗೇರು ಬೀಳುವ ಮೊದಲಿನ ತಡೆಯವರೆಗೆ ಹಿಂದೆ ಮುಂದೆ ಆಡಿಸುತ್ತಿದ್ದೆ. ನಿಂತ ಕಾರಿನಲ್ಲಿ ಗೇರು ಪೂರ್ತಿ ಬೀಳದಿದ್ದರೆ ಬಲ ಹಾಕಬಾರದು. ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿರುತ್ತವೆ, ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತಿದರೆ ದಾರಿ ಬಿಡುತ್ತವೆ. ಓಡಿಸುವಾಗ ಗೇರನ್ನು ಹೊಡೆದಂತೆ ಹಾಕದೆ, ಅಂಗೈಯಿಂದ ಒಂದೇ ಸಮನೆ ಒತ್ತಡ ಕೊಟ್ಟು, ಸಿಂಕ್ರೊ ತಡೆಯುವ ಜಾಗದಲ್ಲಿ ಒತ್ತಡವನ್ನು ಹೆಚ್ಚಿಸದೆ ಕಾಯುವುದು ನನ್ನ ನಿಯಮವಾಗಿತ್ತು. ಲಿವರಿನ ಚಲನೆ ಚಿಕ್ಕದಾದರೂ ಸಿಂಕ್ರೊ ರಿಂಗಿಗೆ ವೇಗಗಳನ್ನು ಸಮ ಮಾಡಲು ಬೇಕಾದ ಸಮಯ ಚಿಕ್ಕದಾಗುವುದಿಲ್ಲ. ಕೈ ಮಾತ್ರ ಅಲ್ಲಿಗೆ ಬೇಗ ತಲುಪುತ್ತದೆ. ಆಧಾರ ಬಿಗಿಯಾಗಿರುವ ದಿನಗಳಲ್ಲಿ ಸಿಂಕ್ರೊ ತಡೆಯುತ್ತಿದೆಯೋ ನೈಲಾನ್ ಹಿಡಿಯುತ್ತಿದೆಯೋ ಎಂಬುದು ಕೈಗೆ ತಿಳಿಯುವುದಿಲ್ಲವಾದ್ದರಿಂದ ಈ ಅವಧಿಯಲ್ಲಿ ಎಂಜಿನ್ ತುಂಬ ವೇಗವಾಗಿ ತಿರುಗುತ್ತಿರುವಾಗ ಗೇರ್ ಬದಲಿಸುವುದನ್ನು ಪೂರ್ತಿ ಕೈಬಿಟ್ಟಿದ್ದೆ. ಕೆಳಗಿನ ಗೇರಿಗೆ ಇಳಿಯುವಾಗ ಡಬಲ್ ಕ್ಲಚ್ ಮಾಡುತ್ತಿದ್ದೆ, ಅಂದರೆ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ಎಂಜಿನ್ ವೇಗವನ್ನು ತುಸು ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುತ್ತಿದ್ದೆ. ಸಿಂಕ್ರೊಗಳ ಪಾಲಿನ ಕೆಲಸ ಅಷ್ಟು ಕಡಿಮೆ.

ಕೆಲವು ವಾರಗಳಲ್ಲಿ ಅಡ್ಡ ಚಲನೆ ಮೊದಲು ಹಗುರವಾಯಿತು. ಕೈ ಬಿಟ್ಟ ಲಿವರ್ ತಾನಾಗಿ ನಡುವಿನ ಸಾಲಿಗೆ ಮರಳತೊಡಗಿತು. ಹಿಂದೆ ಮುಂದಿನ ಚಲನೆ ಅದಕ್ಕಿಂತ ನಿಧಾನವಾಗಿ ಸುಧಾರಿಸಿ, ಒಂದು ಮಟ್ಟದಲ್ಲಿ ನಿಂತಿತು. ಅಲ್ಲಿ ನಿಂತದ್ದು ಮೇಲೆ ಹೇಳಿದ ಒಂದೂವರೆ ಪಟ್ಟಿನ ಲೆಕ್ಕ. ಅದನ್ನೂ ಇಳಿಸಬೇಕೆನ್ನುವವರಿಗೆ ಎತ್ತರದ ಹಿಡಿ ಒಂದು ದಾರಿ, ಆದರೆ ಅದು ಹಣ ಕೊಟ್ಟು ಕಡಿಮೆ ಮಾಡಿಕೊಂಡ ದೂರವನ್ನು ಮರಳಿ ಕೊಡುತ್ತದೆ. ತೂಕದ ಹಿಡಿ ಅನುಪಾತವನ್ನು ಬದಲಿಸದೆ, ತನ್ನ ಜಡತ್ವದಿಂದ ಲಿವರನ್ನು ತಡೆಯ ಆಚೆ ದಾಟಿಸಲು ನೆರವಾಗುತ್ತದೆ. ನಾನು ಅದನ್ನೇ ಆರಿಸಿಕೊಂಡೆ. ಅದು ತಂಪಾಗಿರುವಾಗಿನ ಎರಡನೇ ಗೇರಿಗೂ ಸ್ವಲ್ಪ ಅನುಕೂಲ ಮಾಡಿತು. ಹಿಡಿ ಕೈಗೆ ಹಿತವಾಗಿದೆಯೆಂದು ಓಡಿಸುವಾಗ ಕೈಯನ್ನು ಅದರ ಮೇಲೆಯೇ ಇಟ್ಟುಕೊಳ್ಳುವುದು ಮಾತ್ರ ಸಲ್ಲದು, ಏಕೆಂದರೆ ಆ ಭಾರ ಲಿವರಿನ ಮೂಲಕ ಒಳಗಿನ ಶಿಫ್ಟ್ ಫೋರ್ಕನ್ನು, ಅಂದರೆ ಗೇರನ್ನು ಸರಿಸುವ ಕವಲನ್ನು, ಅದು ಹಿಡಿದಿರುವ ತಿರುಗುವ ಸ್ಲೀವ್ ಎಂಬ ಬಳೆಗೆ ಸದಾ ಒತ್ತುತ್ತ ಸವೆಸುತ್ತದೆ.