ಕ್ಲಚ್ ಪ್ಲೇಟ್ ಬದಲಿಸುವ ಮೊದಲು ಲಿವರ್‌ನ ಸಡಿಲ ನೋಡಿ

ಬೈಕಿನಲ್ಲಿ ಏರು ಹತ್ತುವಾಗ ಎಂಜಿನ್ ಸದ್ದು ಏರಿ ವೇಗ ಮಾತ್ರ ಏರದಿದ್ದರೆ (ಅಂದರೆ ಕ್ಲಚ್ ಜಾರುತ್ತಿದ್ದರೆ), ಹೊಸ ಕ್ಲಚ್ ಪ್ಲೇಟ್ ಕೊಳ್ಳುವ ಮೊದಲು ಕ್ಲಚ್ ಲಿವರ್‌ನ ತುದಿಯನ್ನು ಬೆರಳಿನಿಂದ ಎಳೆದು ನೋಡಿ: ಬಿಗಿಯಾಗುವ ಮೊದಲು ಅದು ಸುಮಾರು 10ರಿಂದ 15 ಮಿಲಿಮೀಟರ್ ಸಡಿಲವಾಗಿ ಆಡಬೇಕು (ನಿಮ್ಮ ಬೈಕಿನ ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ). ಆಡದಿದ್ದರೆ ಕೇಬಲ್‌ನ ಅಡ್ಜಸ್ಟರ್ ತಿರುಗಿಸಿ ಸಡಿಲಿಸಿ. ಪ್ಲೇಟ್‌ಗಳು ಸವೆದಂತೆ ಈ ಸಡಿಲ ತಾನಾಗಿಯೇ ಕಡಿಮೆಯಾಗುತ್ತದೆ. ಕೇಬಲ್ ಬಿಗಿಯಾಗಿದ್ದರೆ ನೀವು ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇದ್ದು, ಸ್ಪ್ರಿಂಗ್‌ಗಳು ಪ್ಲೇಟ್‌ಗಳನ್ನು ಪೂರ್ತಿ ಅದುಮಲಾರವು. ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಜೆಎಎಸ್ಒ ಎಂಎ ಅಥವಾ ಎಂಎ2 (JASO MA, MA2: ಬೈಕ್ ಕ್ಲಚ್‌ಗೆ ಒಗ್ಗುವ ಆಯಿಲ್‌ನ ಗುರುತು) ಎಂದಿದೆಯೇ ಎಂಬುದನ್ನೂ ನೋಡಿ. ಕಾರಿನ ಕೆಲವು ಆಯಿಲ್‌ಗಳಲ್ಲಿರುವ ಘರ್ಷಣೆ ತಗ್ಗಿಸುವ ಅಂಶಗಳು, ಆಯಿಲ್‌ನಲ್ಲೇ ಮುಳುಗಿರುವ ಬೈಕ್ ಕ್ಲಚ್ ಅನ್ನು ಜಾರಿಸುತ್ತವೆ. ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್‌ಗೆ ಈ ಕೇಬಲ್ ಉಪಾಯ ನಡೆಯದು. ಸಡಿಲವೂ ಆಯಿಲ್ಲೂ ಸರಿಯಿದ್ದು ಕ್ಲಚ್ ಇನ್ನೂ ಜಾರುತ್ತಿದ್ದರೆ ಪ್ಲೇಟ್ ಅಥವಾ ಸ್ಪ್ರಿಂಗ್ ಸವೆದಿದೆ ಎಂದೇ ತಿಳಿಯಿರಿ. ಹಾಗೆಯೇ ಓಡಿಸಿದರೆ ಉಕ್ಕಿನ ಪ್ಲೇಟ್‌ಗಳೂ ಕಾದು ನೀಲಿಗಟ್ಟಿ, ಖರ್ಚು ಹೆಚ್ಚುತ್ತದೆ. ಹೊಸ ಘರ್ಷಣಾ ಪ್ಲೇಟ್‌ಗಳನ್ನು ಒಣಗಿದ್ದಂತೆಯೇ ಹಾಕಲು ದಯವಿಟ್ಟು ಬಿಡಬೇಡಿ, ಬೈಕಿಗೆ ಹಾಕುವ ಅದೇ ಆಯಿಲ್‌ನಲ್ಲಿ ಮೊದಲು ನೆನೆಸಿಸಿ.