ಚಕ್ರ ಎಸೆಯುವವನ ಕಾಲ ಬಳಿಯ ಬೊಡ್ಡೆ

ಲಂಡನ್ನಿಗೆ ಬಂದ ಮೊದಲ ವರ್ಷ, ಊರಿಂದ ಯಾರೇ ಬರಲಿ, ಬ್ರಿಟಿಷ್ ಮ್ಯೂಸಿಯಂ ತೋರಿಸುವ ಕೆಲಸ ನನ್ನದು. ಪ್ರವೇಶ ಉಚಿತ, ಮಳೆಯ ಕಾಟವೂ ಇಲ್ಲ. ಬೆಳಿಗ್ಗೆ ಹೊಕ್ಕು ಈಜಿಪ್ಟ್, ಅಸ್ಸೀರಿಯ, ಗ್ರೀಸ್, ರೋಮ್ ಎಲ್ಲ ಮುಗಿಸಿ ಮಧ್ಯಾಹ್ನ ಹೊರಬಂದರೆ ಫೋನಿನಲ್ಲಿ ಇನ್ನೂರು ಫೋಟೊ, ತಲೆಯಲ್ಲಿ ಏನೂ ಇಲ್ಲ. ಗ್ರೀಕರದು ಯಾವುದು, ರೋಮನ್ನರದು ಯಾವುದು ಎಂದು ಮಾವ ಕೇಳಿದಾಗ "ಎಲ್ಲ ಒಂದೇ ಮಾವ, ಬಿಳಿ ಕಲ್ಲು" ಎಂದು ತೇಲಿಸಿಬಿಟ್ಟಿದ್ದೆ.

ಆಮೇಲೆ ಕ್ರಮ ಬದಲಿಸಿದೆ. ಶುಕ್ರವಾರ ಮ್ಯೂಸಿಯಂ ರಾತ್ರಿ ಎಂಟೂವರೆಯವರೆಗೆ ತೆರೆದಿರುತ್ತದೆ. ಒಂದು ಸಂಜೆಗೆ ಒಂದೇ ವಸ್ತು, ಕೈಯಲ್ಲಿ ಪೆನ್ಸಿಲ್, ಮಗಳು ಅರ್ಧಕ್ಕೆ ಬಿಟ್ಟ ನೋಟುಪುಸ್ತಕ. ಪಕ್ಕದ ಫಲಕ ಓದುವುದು ಕೊನೆಗೆ. ನನಗೆ ಚಿತ್ರ ಬರೆಯಲು ಬಾರದು. ಆದರೆ ಗೆರೆ ಎಳೆಯಬೇಕೆಂದರೆ ಕಣ್ಣು ಅಲ್ಲೇ ನಿಲ್ಲಲೇಬೇಕಲ್ಲ.

ಮೊದಲು ಹಿಡಿದದ್ದು ಚಕ್ರ (ಡಿಸ್ಕಸ್) ಎಸೆಯುವ ಯುವಕನ ಪ್ರತಿಮೆಯನ್ನು. ಶಾಲೆಯ ಪುಸ್ತಕದಲ್ಲಿ ಒಲಿಂಪಿಕ್ಸ್ ಪಾಠದ ಜೊತೆ ಇರುತ್ತದಲ್ಲ, ಅದೇ ಭಂಗಿ. ಅವತ್ತು ಹತ್ತು ವರ್ಷದ ಮಗಳೂ ಬಂದಿದ್ದಳು. ನನ್ನ ಹಾಳೆ ಇಣುಕಿ ನೋಡಿ, "ಅಪ್ಪಾ, ಆ ಮರದ ಬೊಡ್ಡೆ ಯಾಕೆ ಬಿಟ್ಟೆ?" ಅಂದಳು.

"ಅದು ಚೆನ್ನಾಗಿಲ್ಲ ಪುಟ್ಟಿ."

"ಅದಿಲ್ದಿದ್ರೆ ಬಿದ್ದೋಗ್ತಾನೆ."

ನಿಜವೇ. ಎಸೆತದ ಅಂಗಳದಲ್ಲಿ ಬೊಡ್ಡೆಗೇನು ಕೆಲಸ? ಫಲಕ ಓದಿದೆ, ಮನೆಗೆ ಬಂದು ಇನ್ನಷ್ಟು ಓದಿದೆ. ಗ್ರೀಕ್ ಶಿಲ್ಪಿ ಮೈರನ್ ಕ್ರಿ.ಪೂ. 450ರ ಸುಮಾರಿಗೆ ಇದನ್ನು ಮಾಡಿದ್ದು ಕಂಚಿನಲ್ಲಿ. ಎರಕದ ಕಂಚು ಒಳಗೆ ಪೊಳ್ಳು, ಹೊರಗೆ ಗಟ್ಟಿ. ಪಾದವನ್ನು ಪೀಠಕ್ಕೆ ಬಿಗಿದರೆ ಮೈ ಎಷ್ಟು ಬಾಗಿದರೂ ನಿಲ್ಲುತ್ತದೆ. ಆ ಕಂಚಿನ ಮೂಲ ಇಂದು ಇಲ್ಲ. ನನ್ನ ಮುಂದಿದ್ದದ್ದು ರೋಮನ್ನರ ಕಾಲದ ಅಮೃತಶಿಲೆಯ ನಕಲು. ಕಲ್ಲು ಮೇಲಿನಿಂದ ಬೀಳುವ ಭಾರ ತಡೆದೀತು, ಎಳೆತ ತಡೆಯದು. ತೆಳ್ಳಗಿನ ಕಾಲಗಂಟು ಅಷ್ಟು ದೊಡ್ಡ ಮೈಯನ್ನು ಹೊರಲಾರದು. ಅದಕ್ಕೇ ತೊಡೆಗೆ ಬೊಡ್ಡೆಯ ಆಸರೆ.

ಅಲ್ಲಿಂದ ಮುಂದೆ ನನ್ನದು ಬೊಡ್ಡೆ ಬೇಟೆ. ಫ್ರಾನ್ಸಿನ ವೇಸೋನ್ ಎಂಬಲ್ಲಿ ಸಿಕ್ಕ, ತಲೆಗೆ ಪಟ್ಟಿ ಕಟ್ಟಿಕೊಳ್ಳುವ ಯುವಕನ ಕಾಲ ಬಳಿಯೂ ಒಂದು. ಅದರ ಮೂಲವೂ ಕಂಚು, ಗ್ರೀಕ್ ಶಿಲ್ಪಿ ಪಾಲಿಕ್ಲೀಟಸನದು. ಇದು ಎಂದೂ ತಪ್ಪದ ಸೂತ್ರವೇನಲ್ಲ. ಅಮೃತಶಿಲೆಯಲ್ಲೇ ಕೆತ್ತಿದ ಗ್ರೀಕರೂ ಆಸರೆ ಕೊಟ್ಟದ್ದುಂಟು. ಆದರೂ ಹುಡುಕುವುದಕ್ಕೆ ಒಂದು ಜಾಡು ಸಿಕ್ಕಿತು.

ಚಕ್ರದವನು ಇನ್ನೊಂದು ಪೆಟ್ಟು ಕೊಟ್ಟ. 1791ರಲ್ಲಿ ರೋಮ್ ಹತ್ತಿರದ ತಿವೋಲಿಯಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಅರಮನೆಯ ಅವಶೇಷಗಳಲ್ಲಿ ಸಿಕ್ಕ ಈ ಪ್ರತಿಮೆಗೆ ತಲೆಯನ್ನು ತಪ್ಪು ದಿಕ್ಕಿಗೆ ಕೂರಿಸಿದ್ದಾರೆ. ಅದಕ್ಕೆ ಹತ್ತು ವರ್ಷ ಮೊದಲು ರೋಮಿನಲ್ಲೇ ಸಿಕ್ಕ ಇನ್ನೊಂದು ನಕಲಿನಲ್ಲಿ ಅವನು ಹಿಂದಿರುಗಿ ಚಕ್ರದ ಕಡೆ ನೋಡುತ್ತಾನೆ. ಇಲ್ಲಿಯವನು ನೆಲ ನೋಡುತ್ತಾನೆ. ಮೂರು ಶುಕ್ರವಾರ ಕೂತು ನಾನು ಬರೆದದ್ದು ರಿಪೇರಿಯವರ ತಪ್ಪನ್ನು!

ಕಂಚುಗಳೆಲ್ಲ ಎಲ್ಲಿ ಹೋದವು? ಬಹುಪಾಲು ಕುಲುಮೆಗೆ. ಉಳಿದದ್ದು ನೆಲದಡಿ, ನೀರಡಿ ಅವಿತವು. ಮೇಲಿನ ಮಹಡಿಯಲ್ಲಿ ಅಗಸ್ಟಸ್ ಚಕ್ರವರ್ತಿಯ ಕಂಚಿನ ತಲೆಯೊಂದಿದೆ. ಈಜಿಪ್ಟಿನ ರೋಮನ್ ಗಡಿಗೆ ನುಗ್ಗಿದ ಕುಶ್ ರಾಜ್ಯದವರು ಪ್ರತಿಮೆಯ ತಲೆ ಕಡಿದು, ಈಗಿನ ಸುಡಾನಿನ ಮೆರೋಯಿಗೆ ಒಯ್ದು, ಗುಡಿಯ ಮೆಟ್ಟಿಲ ಕೆಳಗೆ ಹೂತರು, ಬಂದವರೆಲ್ಲ ತುಳಿಯಲಿ ಎಂದು. ತುಳಿಸಿಕೊಂಡದ್ದರಿಂದಲೇ ಉಳಿಯಿತು; 1910ರಲ್ಲಿ ಅಗೆದಾಗ ಸಿಕ್ಕಿತು. ಗಾಜು ಮತ್ತು ಕ್ಯಾಲ್ಸೈಟ್ ಕೂರಿಸಿದ ಕಣ್ಣುಗಳು ಹಾಗೇ ಇವೆ. ಮೊದಲ ಸಲ ಎದುರಾದಾಗ ಬೆಚ್ಚಿಬಿದ್ದೆ. ಅಮೃತಶಿಲೆಯ ಕುರುಡು ಕಣ್ಣುಗಳಿಗೆ ಒಗ್ಗಿದವರಿಗೆ ಇದು ದಿಟ್ಟಿಸಿ ನೋಡುತ್ತದೆ.

ಅತಿ ಹೆಚ್ಚು ಸಂಜೆ ತಿಂದದ್ದು ಮಾತ್ರ ಒಂದು ಮಡಕೆ. ಮೊಳಕ್ಕೆ ತುಸು ಕಡಿಮೆ ಎತ್ತರ, ಕ್ರಿ.ಪೂ. 530ರ ಆಸುಪಾಸಿನಲ್ಲಿ ಅಥೆನ್ಸಿನಲ್ಲಿ ಮಾಡಿ ಇಟಲಿಗೆ ಹೋಗಿದ್ದು. ಅದರ ಮೇಲಿನ ಕಪ್ಪು ಚಿತ್ರದಲ್ಲಿ ಗ್ರೀಕ್ ವೀರ ಅಕಿಲೀಸ್, ಅಮೆಜಾನರೆಂಬ ಯೋಧೆಯರ ರಾಣಿ ಪೆಂಥೆಸಿಲಿಯಾಳ ಕೊರಳಿಗೆ ಈಟಿ ಇಳಿಸುತ್ತಿದ್ದಾನೆ. ಅವನ ಮುಖ ಶಿರಸ್ತ್ರಾಣದೊಳಗೆ, ಅವಳದು ಬಯಲಿಗೆ. ಕಣ್ಣು ಕಣ್ಣು ಸೇರಿದ ಆ ಗಳಿಗೆಯಲ್ಲೇ ಅವನಿಗೆ ಅವಳ ಮೇಲೆ ಮನಸ್ಸಾಯಿತು ಎಂಬುದು ಕತೆ. ಕಪ್ಪು ಎನ್ನುವುದು ಇಲ್ಲಿ ಬಣ್ಣವಲ್ಲ, ಜೇಡಿಮಣ್ಣನ್ನೇ ನೀರಿನಲ್ಲಿ ಕದಡಿ ತೆಗೆದ ನುಣುಪು ಕೆನೆ. ಒಣಗಿದ ಮೇಲೆ ಮೊನೆಯಿಂದ ಗೀರಿ ಕೂದಲು, ಅಂಚು, ರೆಪ್ಪೆ ಬಿಡಿಸುತ್ತಿದ್ದರು. ಆವಿಗೆಗೆ ಮೊದಲು ಗಾಳಿ ಬಿಡುವುದು. ಆಮೇಲೆ ಗಾಳಿ ಕಟ್ಟಿದರೆ ಮಡಕೆಯೆಲ್ಲ ಕಪ್ಪು. ಮತ್ತೆ ಗಾಳಿ ಬಿಟ್ಟರೆ ಮೈ ಕೆಂಪಾಗುತ್ತದೆ, ಗಾಜಿನಂತೆ ಬಿಗಿದುಕೊಂಡ ಕೆನೆ ಕಪ್ಪಾಗಿಯೇ ಉಳಿಯುತ್ತದೆ. ಮಗ್ಗುಲಲ್ಲಿ ಸಣ್ಣ ಅಕ್ಷರ: ಎಕ್ಸೇಕಿಯಾಸ್ ಮಾಡಿದ. ಬೇಲೂರಿನ ಮದನಿಕೆಯ ಕೆಳಗೆ ದಾಸೋಜನ ಹೆಸರು ಕಂಡಾಗಿನ ಖುಷಿಯೇ ಆಯಿತು.

ಮಾವನಿಗೆ ಹೇಳಿದ "ಬಿಳಿ ಕಲ್ಲು" ಕೂಡ ಸುಳ್ಳಾಯಿತು. ಅಥೆನ್ಸಿನ ಪಾರ್ಥೆನಾನ್ ಗುಡಿಯಿಂದ ಬಂದ ಐರಿಸ್ ದೇವತೆಯ ನಡುಪಟ್ಟಿಯಲ್ಲಿ ಈಜಿಪ್ಟ್ ನೀಲಿ ಎಂಬ ಬಣ್ಣದ ಕಣಗಳು ಪತ್ತೆಯಾದದ್ದು 2009ರಲ್ಲಿ. 1930ರ ದಶಕದಲ್ಲಿ ಕಲ್ಲು ಬೆಳ್ಳಗಾಗಲಿ ಎಂದು ಅದೇ ಗುಡಿಯ ಶಿಲ್ಪಗಳನ್ನು ಕೆರೆದಿದ್ದರಂತೆ, ಲೋಹದ ಉಳಿ ಹಿಡಿದು.

ಈಗ ಆ ಗುಡಿಯ ಶಿಲ್ಪಗಳಿರುವ ಕೋಣೆಯಲ್ಲೇ ಇದ್ದೇನೆ. ಚಂದ್ರದೇವತೆಯ ರಥ ರಾತ್ರಿಯಿಡೀ ಎಳೆದು ದಣಿದ ಕುದುರೆಯ ತಲೆ. ದವಡೆ ಅಂಚಿನಿಂದ ಕೆಳಗೆ ಜೋತುಬಿದ್ದಿದೆ. ಎರಡು ತಿಂಗಳಾಯಿತು, ಮೂಗಿನ ಹೊಳ್ಳೆಯನ್ನು ದಾಟಿಲ್ಲ.