ಗಾಲಿಕುರ್ಚಿಯಿಂದ ಚಿತ್ರ: ತುಂಡಾಗುತ್ತಿದ್ದ ಗೆರೆಗೆ ಪರಿಹಾರ

ಗಾಲಿಕುರ್ಚಿಯ ಟೈರಿಗೆ ಬಣ್ಣ ಬಳಿದು, ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಮೇಲೆ ಓಡಿಸಿ ಚಿತ್ರ ಬಿಡಿಸುತ್ತೇನೆ. ವಿಜಯಪುರದ ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ಟೈರಿನ ಮೇಲೇ ಒಣಗಿ, ಗೆರೆ ಅರ್ಧಕ್ಕೇ ಮಾಸುತ್ತಿತ್ತು. 24 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು ಆರೂಕಾಲು ಅಡಿ ಓಡುತ್ತದೆ. ಬ್ರಷ್‌ನಲ್ಲಿ ಬಳಿದ ಬಣ್ಣ ಅಷ್ಟಕ್ಕೇ ತೀರುತ್ತದೆ.

ಅದಕ್ಕೇ 4 ಇಂಚಿನ ಸ್ಪಂಜ್ ರೋಲರನ್ನು ದೊಡ್ಡ ಗಾಲಿಯ ಹಿಂದೆ, ಕುರ್ಚಿಯ ಪೈಪಿಗೆ ಕ್ಲಾಂಪ್ ಹಾಕಿ ಬಿಗಿದೆ. ಬಣ್ಣ ಹೀರಿದ ರೋಲರ್ ಟೈರಿಗೆ ಮೆಲ್ಲಗೆ ತಾಗಿದರೆ ಸಾಕು. ಒತ್ತಿದರೆ ಬಣ್ಣ ಹಿಂಡಿಕೊಂಡು ಕೈಯಿಂದ ತಳ್ಳುವ ರಿಂಗಿಗೆ ಇಳಿಯುತ್ತದೆ, ಹಿಡಿತ ಜಾರುತ್ತದೆ. ಮೂರು ಪಾಲು ಬಣ್ಣಕ್ಕೆ ಒಂದು ಪಾಲು ನೀರು, ಗಟ್ಟಿ ಮಜ್ಜಿಗೆಯ ಹದ. ಕ್ಯಾನ್ವಾಸಿನ ಅಂಚಿಗೆ ಸುತ್ತಲೂ ಟೇಪ್ ಬೇಕೇ ಬೇಕು, ಇಲ್ಲವಾದರೆ ಮುಂದಿನ ಸಣ್ಣ ಗಾಲಿಗಳು ಬಟ್ಟೆ ಮುದುಡಿಸುತ್ತವೆ.

ಈಗ ಒಂದು ಗಾಲಿ ಹಿಡಿದು ಇನ್ನೊಂದನ್ನು ತಳ್ಳಿದರೆ ಪೂರ್ತಿ ವೃತ್ತ, ಎಲ್ಲೂ ಕಡಿಯದೆ! ಕೈವಾರಕ್ಕೂ ಈ ಜೀವಂತಿಕೆ ಬಾರದು.

ಮುಗಿದ ಕೂಡಲೇ ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಪದರದ ಮೇಲೆ ಬ್ರೇಕ್ ಸರಿಯಾಗಿ ಕೂರುವುದಿಲ್ಲ.